ಹಳೆಯ ಬಾಗಿಲಿನ ಸೀಸ

1834ರಲ್ಲಿ ಕೊಡಗನ್ನು ವಶಪಡಿಸಿಕೊಂಡ ಕಂಪನಿ ಸೈನ್ಯದೊಡನೆ ಬಂದ ಕರ್ನಲ್ ಫ್ರೇಜರನ ಹೆಸರಿನಿಂದ ಫ್ರೇಜರ್‌ಪೇಟೆ ಎನಿಸಿದ್ದ ಊರೇ ಇಂದಿನ ಕುಶಾಲನಗರ. ಊರಿನ ಹಳೆಯ ಹೆಸರು ಹೋಗಿ ಹೊಸದು ಬಂದಿತು. ಹಳೆಯ ಮನೆಗಳ ಬಾಗಿಲು ಕಿಟಕಿಗಳ ಬಣ್ಣ ಮಾತ್ರ ಹಾಗೆ ಹೋಗುವುದಿಲ್ಲ. ಒಂದರ ಮೇಲೊಂದು ಕೂಡುತ್ತದೆ. ಅದರ ತಳದಲ್ಲಿ ಸೀಸವಿರಬಹುದು.

ಎಣ್ಣೆಬಣ್ಣ ಬೇಗ ಒಣಗಲೆಂದು, ಬಹುಕಾಲ ಬಾಳಲೆಂದು ಸೀಸ ಸೇರಿಸುತ್ತಿದ್ದರು. ಅದು ವಿಷವೆಂಬುದು ಹೊಸ ಸಂಗತಿಯೇನಲ್ಲ. ಕಟ್ಟಡಗಳ ಒಳಭಾಗಕ್ಕೆ ಬಿಳಿ ಸೀಸದ ಬಣ್ಣ ಸಲ್ಲದೆಂದು ಜಿನೀವಾದ ಅಂತರರಾಷ್ಟ್ರೀಯ ಕಾರ್ಮಿಕ ಸಮ್ಮೇಳನ 1921ರಲ್ಲೇ ಒಡಂಬಡಿಕೆ ಮಾಡಿತು. ಅಮೆರಿಕ 1978ರಲ್ಲಿ ಮನೆಬಣ್ಣದಲ್ಲಿ ಅದನ್ನು ನಿಷೇಧಿಸಿತು. ನಮ್ಮಲ್ಲಿ ಬೆಂಗಳೂರಿನ ಡಾ. ತುಪ್ಪಿಲ್ ವೆಂಕಟೇಶರಂಥವರು ವರ್ಷಗಟ್ಟಲೆ ಎಚ್ಚರಿಸಿದ ಬಳಿಕ 2016ರ ನಿಯಮ ಬಂದಿತು. 2017ರ ನವೆಂಬರಿನಿಂದ ಬಣ್ಣದ ಹತ್ತು ಲಕ್ಷ ಭಾಗದಲ್ಲಿ ಸೀಸ 90 ಭಾಗ ಮೀರುವಂತಿಲ್ಲ. ಆದರೆ ನನಗೆ ಕಾಣುವಂತೆ, ಈ ನಿಯಮ ಅಂಗಡಿಯ ಡಬ್ಬಿಗೆ ಅನ್ವಯಿಸುತ್ತದೆಯೇ ಹೊರತು ಅಜ್ಜ ಬಣ್ಣ ಬಳಿಸಿದ ಬಾಗಿಲಿಗಲ್ಲ.

ರಿಪೇರಿಯ ವೇಳೆ ಆ ಬಾಗಿಲನ್ನು ಒಣದಾಗಿ ಉಜ್ಜಿದರೆ ಏಳುವ ಧೂಳು ಮಕ್ಕಳ ಮಿದುಳಿಗೆ ಕೇಡು. ಬಣ್ಣ ಗಟ್ಟಿಯಾಗಿ ಅಂಟಿದ್ದರೆ ಕೆದಕದಿರುವುದೇ ಜಾಣತನ. ಕೆರೆಯಲೇಬೇಕಾದರೆ ನೀರು ಚಿಮುಕಿಸಿ ಕೆರೆಯಬೇಕು. ಬೆಂಕಿಯಿಂದ ಸುಟ್ಟು ತೆಗೆಯಬಾರದು. ಮಕ್ಕಳೂ ಗರ್ಭಿಣಿಯರೂ ಬೇರೆಡೆ ಇರಲಿ. ನೆಲಕ್ಕೆ ಪ್ಲಾಸ್ಟಿಕ್ ಹಾಸಿರಬೇಕು. ಆಮೇಲೆ ಗುಡಿಸದೆ ಒದ್ದೆಬಟ್ಟೆಯಿಂದ ಒರೆಸಬೇಕು. ಕೆರೆದ ಪುಡಿಯನ್ನು ಕಾವೇರಿಗೆ ಚೆಲ್ಲಬಾರದು, ಸುಡಲೂಬಾರದು. ಬಣ್ಣದ ಕೆಲಸಗಾರ ಮುಖಕ್ಕೆ ಮಾಸ್ಕ್ ಧರಿಸಲಿ, ಬಟ್ಟೆ ಬದಲಿಸಿ ಹೋಗಲು ಅವನಿಗೆ ಅನುಕೂಲ ಮಾಡಿಕೊಡಿ. ಅವನ ಮನೆಯಲ್ಲೂ ಮಕ್ಕಳಿರುತ್ತಾರೆ.