ಕೃಷ್ಣೆಯ ಬಯಲಿನಲ್ಲಿ ಕುಡಿಯುವ ನೀರು

ಊರು ಬಿಟ್ಟು ಬಂದ ನಮ್ಮಲ್ಲಿ ಅನೇಕರು ವಿಜಯವಾಡದ ಸೇತುವೆಯನ್ನು ರೈಲಿನಲ್ಲಿ ದಾಟಿದವರೇ. ಗಾಡಿ ಕೃಷ್ಣೆಯ ಮೇಲೆ ಬಂದೊಡನೆ ಕಿಟಕಿಯಿಂದ ಕಾಸು ಹಾಕಿ ಕೈ ಮುಗಿಯುವವರನ್ನು ಕಂಡಿರುತ್ತೀರಿ, ನೀವೂ ಹಾಕಿರಬಹುದು. ಬಾಗಲಕೋಟೆ, ವಿಜಾಪುರಗಳ ನೆಲವನ್ನು ಹಾದು ಹೋದ ನಮ್ಮ ಹೊಳೆಯೇ ಅದು. ಕೈ ಮುಗಿಸಿಕೊಳ್ಳುವ ಆ ನೀರನ್ನು ಕುಡಿಯುವುದು ಕ್ಷೇಮವೇ ಎಂಬುದು ಬೇರೆ ಮಾತು.

ಅಲ್ಲಿ, ಆಗಿನ ಬೆಜವಾಡದಲ್ಲಿ, 1855ರಲ್ಲಿ ಆಣೆಕಟ್ಟು ಮುಗಿಯಿತು. ಕಾಲುವೆಗಳು ಹರಿದು ಬಯಲು ಬತ್ತದ ಕಣಜವಾಯಿತು. ಆದರೆ ಕಡಲ ಕಡೆಯ ಊರುಗಳಲ್ಲಿ ಬಾವಿಯ ನೀರು ಉಪ್ಪು. ಹೀಗಾಗಿ ಎಮ್ಮೆ ಮೀಯುವ, ಬಟ್ಟೆ ಒಗೆಯುವ ಕಾಲುವೆಯ ನೀರೇ ಕೆರೆ ತುಂಬಿ ಕುಡಿಯುವುದಕ್ಕೂ ಆಯಿತು. 1957ರಲ್ಲಿ ಹಳೆಯ ಕಟ್ಟೆಯ ಬದಲು ಪ್ರಕಾಶಂ ಬ್ಯಾರೇಜು ಬಂತು. ಗದ್ದೆಗೆ ನೀರು ಹೆಚ್ಚಿತೇ ವಿನಾ ಕೊಡದ ನೀರಿನ ಚಿಂತೆ ತೀರಲಿಲ್ಲ.

1992ರ ಕೊನೆಯಲ್ಲಿ ಓ-139 ಎಂಬ ಹೊಸ ಬಗೆಯ ಕಾಲರಾ ತಲೆಯೆತ್ತಿತು. ವಿಜಯವಾಡ, ವಿಶಾಖಪಟ್ಟಣಗಳನ್ನು ನಡುವಿಟ್ಟುಕೊಂಡಿರುವ ಪೂರ್ವ ಕರಾವಳಿಯ ಎರಡು ಕೊನೆಗಳಲ್ಲೂ, ಮದರಾಸಿನಲ್ಲೂ ಕಲ್ಕತ್ತೆಯಲ್ಲೂ, ಅದು ಕೆಲವೇ ತಿಂಗಳಲ್ಲಿ ಕಾಣಿಸಿಕೊಂಡಿತು. ಹಳೆಯ ಕಾಲರಾ ಬಂದು ಹೋಗಿದ್ದವರ ಮೈಗೂ ಇದನ್ನು ತಡೆಯುವ ಶಕ್ತಿ ಇರಲಿಲ್ಲ.

ಈ ಸುದ್ದಿ ಅಮೆರಿಕದಲ್ಲಿದ್ದ ಒಬ್ಬರ ಮನಸ್ಸನ್ನು ಕಲಕಿತು. ಅಶೋಕ್ ಗಾಡ್ಗೀಳ್ ಮುಂಬಯಿಯಲ್ಲೂ ಕಾನ್ಪುರದ ಐ.ಐ.ಟಿ.ಯಲ್ಲೂ ಓದಿ, ಬರ್ಕ್ಲಿಯಲ್ಲಿ ಡಾಕ್ಟರೇಟ್ ಪಡೆದು, ಅಲ್ಲಿಯ ಲಾರೆನ್ಸ್ ಪ್ರಯೋಗಶಾಲೆಯಲ್ಲಿದ್ದ ಭೌತವಿಜ್ಞಾನಿ. 1993ರಲ್ಲಿ ಒಬ್ಬ ವಿದ್ಯಾರ್ಥಿಯನ್ನು ಜೊತೆಗಿಟ್ಟುಕೊಂಡು ಕೆಲಸಕ್ಕೆ ಕುಳಿತರು. ಅತಿನೇರಳೆ ಕಿರಣ ರೋಗಾಣುಗಳನ್ನು ಕೊಲ್ಲುತ್ತದೆಂಬುದು ಹೊಸದೇನಲ್ಲ. ಫ್ರಾನ್ಸಿನ ಮಾರ್ಸೇ ಪಟ್ಟಣದಲ್ಲಿ 1910ರಲ್ಲೇ ಪ್ರಯೋಗವಾಗಿತ್ತು. ತೊಡಕು ಬೇರೆಯದು: ನೀರಿನಲ್ಲಿ ಮುಳುಗಿಸಿದ ದೀಪದ ಗಾಜಿಗೆ ಪಾಚಿ, ಕಲ್ಮಶ ಕಟ್ಟಿ ಬೆಳಕು ಮಂಕಾಗುತ್ತಿತ್ತು. ಇವರು ದೀಪವನ್ನು ನೀರಿನ ಮೇಲೆ ತೂಗಿದರು. ಕೆಳಗಿನ ತೊಟ್ಟಿಯಲ್ಲಿ ನೀರು ತನ್ನ ಭಾರಕ್ಕೆ ತಾನೇ ತೆಳ್ಳಗೆ ಹರಿಯುತ್ತದೆ. ಒಂದು ಟ್ಯೂಬ್‌ಲೈಟಿನಷ್ಟು ವಿದ್ಯುತ್ತಿನಲ್ಲಿ ನಿಮಿಷಕ್ಕೆ ಸುಮಾರು 15 ಲೀಟರ್! ಸೌದೆ ಉರಿಸಿ ನೀರು ಕುದಿಸಿದ ನಮ್ಮ ಹಿರಿಯರಿಗೆ ಇದರ ಬೆಲೆ ಹೇಳಬೇಕಾಗಿಲ್ಲ.

ಇದನ್ನು ತಯಾರಿಸಲು ಹಕ್ಕು ಪಡೆದ ವಾಟರ್‌ಹೆಲ್ತ್ ಸಂಸ್ಥೆ, ನಮ್ಮ ದೇಶದ ಹಳ್ಳಿಗಾಗಿ ಮೊದಲ ಕೇಂದ್ರವನ್ನು ತೆರೆದದ್ದು 2005ರಲ್ಲಿ, ಆಗಿನ ಕೃಷ್ಣಾ ಜಿಲ್ಲೆಯ ಬೊಮ್ಮಿನಂಪಾಡುವಿನಲ್ಲಿ. ಬರ್ಕ್ಲಿಯಲ್ಲಿ ಹುಟ್ಟಿದ ವಿದ್ಯೆ ಹೀಗೆ ಕೃಷ್ಣೆಯ ಬಯಲಿಗೆ ಬಂತು. ಊರವರು ಕ್ಯಾನು ತಂದು, ದುಡ್ಡು ಕೊಟ್ಟು ನೀರು ಒಯ್ಯಬೇಕು.

ನೀರಿಗೆ ದುಡ್ಡೇ? ಬೇಸಿಗೆಯಲ್ಲಿ ಅರವಟ್ಟಿಗೆ ಇಟ್ಟು ದಾರಿಹೋಕರಿಗೆ ನೀರು ಕೊಟ್ಟ ಮನೆತನಗಳವರಿಗೆ ಮಾತು ಚುಚ್ಚುತ್ತದೆ, ನನಗೂ ಚುಚ್ಚಿತು. ಆದರೆ ದೀಪ ಬದಲಾಯಿಸಲು, ಯಂತ್ರ ನೋಡಿಕೊಳ್ಳಲು ಒಬ್ಬನಿಗೆ ಸಂಬಳ ಕೊಡಬೇಕಲ್ಲ. ಪುಕ್ಕಟೆಯಾಗಿ ನೆಟ್ಟು ಕೆಟ್ಟು ನಿಂತ ಕೈಪಂಪುಗಳನ್ನು ಎಷ್ಟು ಊರುಗಳಲ್ಲಿ ನೋಡಿಲ್ಲ! ಆ ದುಡ್ಡೂ ಹುಟ್ಟದ ಮನೆಯವರು ಮಾತ್ರ ಮತ್ತೆ ಕಾಲುವೆಗೇ ಹೋಗಬೇಕು. ಈ ಲೆಕ್ಕಕ್ಕೆ ಉತ್ತರ ಯಂತ್ರದಲ್ಲಿಲ್ಲ.

ಕಿರಣಕ್ಕೂ ಮಿತಿಯುಂಟು. ನೀರು ಕದಡಿದ್ದರೆ ಮೊದಲು ಸೋಸಬೇಕು. ಉಪ್ಪು, ಫ್ಲೋರೈಡ್ ಅದರಿಂದ ಹೋಗವು. ಕ್ಲೋರಿನ್ನಿನಂತೆ ನೀರಿನಲ್ಲಿ ಉಳಿದು ಕಾಯುವ ಗುಣವೂ ಅದಕ್ಕಿಲ್ಲ. ಶುದ್ಧವಾಗಿ ಮನೆಗೆ ಬಂದ ನೀರು, ಕೊಡದೊಳಗೆ ಕೈ ಅದ್ದಿ ಲೋಟ ಮೊಗೆದರೆ ಮತ್ತೆ ಕೆಡುತ್ತದೆ. ಅದಕ್ಕೇ ಇಂಥ ಕೇಂದ್ರಗಳಲ್ಲಿ ಬಾಯಿ ಕಿರಿದಾದ, ಮುಚ್ಚಳವಿರುವ ಕ್ಯಾನು.