ಬೈಕ್ ಎತ್ತೋಕೆ ಯಾವ ಸ್ಟ್ಯಾಂಡ್? ಗ್ಯಾರೇಜ್‌ನವರು ದುಡ್ಡು ಹಾಕೋ ಮುಂಚೆ ನೋಡಬೇಕಾದ್ದು

ಶಿವಮೊಗ್ಗ: ಸಾಗರ ರಸ್ತೆಯ ಆಟೊ ಕಾಂಪ್ಲೆಕ್ಸ್ ಇರಲಿ, ತೀರ್ಥಹಳ್ಳಿ, ಹೊಸನಗರದ ಕಡೆಯ ಒಂದೇ ಶಟರ್‌ನ ಅಂಗಡಿ ಇರಲಿ, ಟೂ ವೀಲರ್ ಗ್ಯಾರೇಜ್ ಅಂದ ಕೂಡಲೇ ಕಣ್ಣಿಗೆ ಬರೋದು ಒಂದೇ ಚಿತ್ರ. ಡಬಲ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿದ ಬೈಕು, ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ ಮೆಕ್ಯಾನಿಕ್, ಕೆಳಗೆ ಹರಡಿದ ಪಾನಾ, ನಟ್ಟು, ಬೋಲ್ಟು. ಮಳೆಗಾಲದಲ್ಲಿ ಇದರ ಜೊತೆ ಗಾಡಿಯಿಂದ ಇಳಿದ ಕೆಸರು ನೀರೂ ಸೇರಿಕೊಳ್ಳುತ್ತೆ.

ಹೀಗೆ ಹದಿನೈದು, ಇಪ್ಪತ್ತು ವರ್ಷ ಕೂತವರ ಮೊಣಕಾಲು, ಸೊಂಟ ಏನಾಗುತ್ತೆ ಅನ್ನೋದು ಗ್ಯಾರೇಜ್ ಇಟ್ಟವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅದಕ್ಕೇ ಈಗ ಸಣ್ಣ ಊರುಗಳಲ್ಲೂ ಬೈಕ್ ಎತ್ತಿ ನಿಲ್ಲಿಸುವ ಸ್ಟ್ಯಾಂಡ್, ರ‍್ಯಾಂಪ್‌ಗಳ ವಿಚಾರಣೆ ಜಾಸ್ತಿಯಾಗಿದೆ. ಇನ್ನೊಂದು ಕಾರಣವೂ ಇದೆ. ಗಾಡಿಗಳು ಮೊದಲಿನ ಹಾಗಿಲ್ಲ. ಸ್ಪ್ಲೆಂಡರ್ ತೂಕ ಸುಮಾರು 112 ಕೆ.ಜಿ. ಅದನ್ನು ಒಬ್ಬರೇ ಎಳೆದು ಸ್ಟ್ಯಾಂಡ್ ಹಾಕಬಹುದು. ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಹತ್ತಿರ ಹತ್ತಿರ 195 ಕೆ.ಜಿ., ಸೂಪರ್ ಮಿಟಿಯಾರ್ 650 ಅಂತೂ 241 ಕೆ.ಜಿ. ಕೆಟಿಎಂ ಡ್ಯೂಕ್, ಯಮಹಾ ಆರ್15 ತರಹದ ಗಾಡಿಗಳಿಗೆ ಡಬಲ್ ಸ್ಟ್ಯಾಂಡೇ ಇರೋದಿಲ್ಲ. ಚಕ್ರ ಬಿಚ್ಚಬೇಕು ಅಂದರೆ ಬೇರೆ ಏನಾದರೂ ಆಸರೆ ಬೇಕೇ ಬೇಕು. ಕಲ್ಲು ಇಟ್ಟು, ಮರದ ತುಂಡು ಇಟ್ಟು, ಹುಡುಗನ ಕೈಲಿ ಹಿಡಿಸಿ ಮಾಡುವ ಕೆಲಸ ಇದಲ್ಲ.

ಅಂಗಡಿಯವರು ಸ್ಟ್ಯಾಂಡ್ ತೋರಿಸುವಾಗ ಮೊದಲು ಹೇಳೋದು ಎಷ್ಟು ಕೆ.ಜಿ. ಎತ್ತುತ್ತೆ ಅಂತ. ಕೊಳ್ಳುವವರು ಮೊದಲು ಕೇಳಬೇಕಾದ್ದು ಅದನ್ನಲ್ಲ. ಎತ್ತೋದು ಬೇರೆ, ಎತ್ತಿದ್ದನ್ನು ಹಿಡಿದು ನಿಲ್ಲಿಸೋದು ಬೇರೆ. ಜಾಕಿಗೆ ಎತ್ತೋಕೆ ಬರುತ್ತೆ. ಆದರೆ ಗಾಡಿ ಅರ್ಧ ದಿನ ಮೇಲೆ ಇರುವಾಗ, ಎಂಜಿನ್ ಇಳಿಸಿ ತೂಕ ಹಿಂದಕ್ಕೆ ಜಗ್ಗುವಾಗ, ಬಿಗಿ ಹಿಡಿದ ಆಕ್ಸಲ್ ನಟ್‌ಗೆ ಪೈಪ್ ಹಾಕಿ ಮೈಭಾರ ಬಿಡುವಾಗ ಅದು ಅಲ್ಲಾಡದೆ ನಿಲ್ಲುತ್ತಾ ಅನ್ನೋದೇ ಪ್ರಶ್ನೆ. ಗ್ಯಾರೇಜ್‌ಗಳಲ್ಲಿ ಕೈಬೆರಳು ಜಜ್ಜಿಕೊಳ್ಳೋದು, ಪಾದದ ಮೇಲೆ ಗಾಡಿ ಬೀಳೋದು ಎತ್ತುವಾಗಿನಷ್ಟೇ ಎತ್ತಿ ಆದ ಮೇಲೂ ಆಗುತ್ತೆ.

ಪ್ಯಾಡಕ್ ಸ್ಟ್ಯಾಂಡ್ ಯಾರಿಗೆ?

ಇದು ಕಬ್ಬಿಣದ ಪೈಪಿನಲ್ಲಿ ಮಾಡಿದ, ಎರಡು ಸಣ್ಣ ಚಕ್ರ ಇರುವ ಸ್ಟ್ಯಾಂಡ್. ಹಿಂದಿನ ಚಕ್ರದ ಎರಡೂ ಬದಿಯ ಸ್ವಿಂಗ್ ಆರ್ಮ್‌ಗೆ ಕೊಟ್ಟು ಹಿಡಿ ಒತ್ತಿದರೆ ಚಕ್ರ ಎರಡು ಮೂರು ಇಂಚು ಮೇಲೇಳುತ್ತೆ. ಚೈನ್ ಕ್ಲೀನಿಂಗ್, ಸ್ಪ್ರಾಕೆಟ್, ಟಯರ್ ಬಿಚ್ಚೋದು ಇಂಥ ಕೆಲಸಕ್ಕೆ ಸಾಕು. ಸಾವಿರಗಳ ಲೆಕ್ಕದಲ್ಲಿ ಸಿಗುತ್ತೆ, ಮೂಲೆಯಲ್ಲಿ ನಿಲ್ಲಿಸಿ ಇಡಬಹುದು. ಮನೆಯಲ್ಲೇ ಗಾಡಿ ನೋಡಿಕೊಳ್ಳುವ ಹುಡುಗರಿಗೂ ಇದೇ ಸರಿ. ನಿಮ್ಮ ಗಾಡಿಗೆ ಡಬಲ್ ಸ್ಟ್ಯಾಂಡ್ ಇದ್ದರೆ ಮಾತ್ರ ಇದಕ್ಕೆ ದುಡ್ಡು ಹಾಕೋದು ದಂಡ.

ಇದರಲ್ಲಿ ಎರಡು ಬಗೆ. ಸ್ವಿಂಗ್ ಆರ್ಮ್‌ನಲ್ಲಿ ಮರೆ ಇರುವ ತೂತು ಇದ್ದರೆ ಅದಕ್ಕೆ ಬಾಬಿನ್ ಅಂತ ಒಂದು ಉರುಟು ಬಿಲ್ಲೆ ಬೋಲ್ಟ್ ಹಾಕುತ್ತಾರೆ. ಸ್ಟ್ಯಾಂಡಿನ ಕವೆ ಅದಕ್ಕೆ ಸಿಕ್ಕಿಕೊಳ್ಳುತ್ತೆ, ಜಾರೋ ಭಯ ಕಡಿಮೆ. ಬಾಬಿನ್ ಬೋಲ್ಟ್ 6, 8, 10 ಎಂ.ಎಂ. ಅಳತೆಯಲ್ಲಿ ಬರುತ್ತೆ. ಗಾಡಿ ನೋಡದೆ ತಂದರೆ ಮರೆ ಹಾಳಾಗುತ್ತೆ. ತೂತು ಇಲ್ಲದ ಗಾಡಿಗಳಿಗೆ ರಬ್ಬರ್ ಹಾಕಿದ 'ಎಲ್' ಆಕಾರದ ತೋಳು. ಇದು ಸ್ವಿಂಗ್ ಆರ್ಮ್ ಅಡಿಗೆ ಬರೀ ಆತುಕೊಂಡು ನಿಲ್ಲುತ್ತೆ. ರಬ್ಬರ್ ಸವೆದಿದ್ದರೆ, ಅಥವಾ ಸ್ವಿಂಗ್ ಆರ್ಮ್‌ಗೆ ಚೈನ್ ಆಯಿಲ್ ಮೆತ್ತಿದ್ದರೆ ಜಾರುತ್ತೆ. ಬಟ್ಟೆಯಲ್ಲಿ ಒರೆಸದೆ ಎತ್ತಲೇಬಾರದು.

ಮುಂದಿನ ಚಕ್ರ ಎತ್ತುವ ಸ್ಟ್ಯಾಂಡ್ ಬೇರೆ. ಅದನ್ನು ಹಿಂದಿನ ಸ್ಟ್ಯಾಂಡ್ ಹಾಕಿದ ಮೇಲೆ ಹಾಕಬೇಕು, ಇಳಿಸುವಾಗ ಮುಂದಿನದು ಮೊದಲು. ಇಲ್ಲೊಂದು ತಪ್ಪು ತುಂಬ ಜನ ಮಾಡುತ್ತಾರೆ. ಶಾಕಪ್‌ನ ಅಡಿಗೆ ಕೊಟ್ಟು ಎತ್ತುವ ಸ್ಟ್ಯಾಂಡ್ ತಂದು, ಆಮೇಲೆ ಶಾಕಪ್ ಬಿಚ್ಚೋಕೆ ಹೋಗುತ್ತಾರೆ. ಗಾಡಿ ನಿಂತಿರೋದೇ ಅದರ ಮೇಲೆ, ಬಿಚ್ಚೋದು ಹೇಗೆ? ಶಾಕಪ್ ಆಯಿಲ್ ಸೀಲ್, ಕೋನ್ ಸೆಟ್ ಕೆಲಸ ಬರುವ ಗ್ಯಾರೇಜ್ ಆದರೆ ಹ್ಯಾಂಡಲ್‌ನ ಕೆಳಗೆ, ನಡುವಿನ ತೂತಿಗೆ ಪಿನ್ ಕೊಟ್ಟು ಎತ್ತುವ ಸ್ಟ್ಯಾಂಡೇ ಬೇಕು. ಅದರಲ್ಲೂ ಕೋನ್ ಸೆಟ್ ಬದಲಿಸುವಾಗ ಆ ಪಿನ್ ಇರುವ ಭಾಗವೇ ಕೆಳಗಿಳಿಯುತ್ತೆ. ಆಗ ಎಂಜಿನ್ ಅಡಿಗೆ ಬೇರೆ ಆಸರೆ ಕೊಡಲೇಬೇಕು.

ಪ್ಯಾಡಕ್ ಸ್ಟ್ಯಾಂಡ್ ಹಾಕುವಾಗ ಮುಂದಿನ ಬ್ರೇಕ್ ಲಿವರ್‌ಗೆ ರಬ್ಬರ್ ಕಟ್ಟಿ ಬಿಗಿ ಮಾಡಿ, ಸೈಡ್ ಸ್ಟ್ಯಾಂಡ್ ತೆರೆದೇ ಇರಲಿ. ಒಬ್ಬರು ಗಾಡಿ ನೆಟ್ಟಗೆ ಹಿಡಿದುಕೊಳ್ಳಬೇಕು, ಇನ್ನೊಬ್ಬರು ಹಿಡಿ ಒತ್ತಬೇಕು. ಎತ್ತಿ ಆದ ಮೇಲೆ ಚೈನ್ ಕ್ಲೀನ್ ಮಾಡೋಕೆ ಎಂಜಿನ್ ಸ್ಟಾರ್ಟ್ ಮಾಡಿ ಗೇರ್ ಹಾಕೋ ಅಭ್ಯಾಸ ಕೆಲವರಿಗಿದೆ. ಬಟ್ಟೆ ಹಿಡಿದ ಕೈಯನ್ನು ಸ್ಪ್ರಾಕೆಟ್ ಎಳೆದುಕೊಂಡರೆ ಬೆರಳು ಉಳಿಯೋದಿಲ್ಲ. ನ್ಯೂಟ್ರಲ್‌ಗೆ ಹಾಕಿ, ಚಕ್ರ ಕೈಯಲ್ಲೇ ತಿರುಗಿಸಿ. ಎರಡು ನಿಮಿಷ ಜಾಸ್ತಿ ಆಗುತ್ತೆ, ಅಷ್ಟೇ.

ಸ್ಕೂಟರ್‌ಗೆ ಈ ಸ್ಟ್ಯಾಂಡ್ ಪ್ರಯೋಜನ ಇಲ್ಲ. ಆಕ್ಟಿವಾದಂಥ ಗಾಡಿಗಳಲ್ಲಿ ಎಂಜಿನ್ ಮತ್ತು ಹಿಂದಿನ ಚಕ್ರ ಒಟ್ಟಿಗೇ ಆಡುತ್ತವೆ, ಬೈಕಿನ ಹಾಗೆ ಎರಡು ತೋಳಿನ ಸ್ವಿಂಗ್ ಆರ್ಮ್ ಇರೋದಿಲ್ಲ. ಸ್ಕೂಟರ್ ಕೆಲಸವೇ ಹೆಚ್ಚಿದ್ದರೆ ನೇರ ರ‍್ಯಾಂಪ್‌ಗೇ ಹೋಗಿ.

ಅಡಿಯಿಂದ ಎತ್ತುವ ಜಾಕ್

ಕತ್ತರಿಯ ಹಾಗೆ ಬಿಚ್ಚಿಕೊಳ್ಳುವ ಸಣ್ಣ ಜಾಕ್ ಇದು. ಬೈಕಿನ ಅಡಿಗೆ ತಳ್ಳಿ ಸ್ಕ್ರೂ ತಿರುಗಿಸಿದರೆ ಮೇಲೇಳುತ್ತೆ. ಸ್ಕ್ರೂ ಇರೋದರಿಂದ ತಾನಾಗಿ ಇಳಿಯೋದಿಲ್ಲ, ಅದು ಒಳ್ಳೇದು. ತೊಂದರೆ ಇರೋದು ಗಾಡಿಯ ಅಡಿಯಲ್ಲಿ. ಎಂಜಿನ್ ಕೆಳಗೆ ಫ್ರೇಮಿನ ಎರಡು ಪೈಪ್ ಹಾದುಹೋಗುವ ಗಾಡಿಗಳಲ್ಲಿ ಜಾಕ್ ಪೈಪಿಗೆ ಕೂರುತ್ತೆ. ಡೈಮಂಡ್ ಫ್ರೇಮ್ ಅನ್ನುವ ಬಗೆಯಲ್ಲಿ, ಅಂದರೆ ಹೋಂಡಾ ಶೈನ್, ಯಮಹಾ ಎಫ್‌ಝಡ್ ತರಹದ ಗಾಡಿಗಳಲ್ಲಿ, ಕೆಳಗೆ ಪೈಪೇ ಇಲ್ಲ, ಸಿಗೋದು ಎಂಜಿನ್ನಿನ ಹೊಟ್ಟೆ. ಅದು ಅಲ್ಯೂಮಿನಿಯಂ. ಡ್ರೈನ್ ಬೋಲ್ಟ್ ಮೇಲೆ ಇಡೀ ಗಾಡಿಯ ಭಾರ ಬಿದ್ದರೆ ಕ್ರ್ಯಾಂಕ್ ಕೇಸ್ ಬಿರುಕು ಬಿಡುತ್ತೆ. ಸೈಲೆನ್ಸರ್ ಪೈಪ್ ಕೆಳಗೆ ಕೊಟ್ಟರೆ ಅದು ಚಪ್ಪಟೆ ಆಗುತ್ತೆ. ಅಗಲವಾದ ಮರದ ಹಲಗೆ ಇಟ್ಟು, ಬೋಲ್ಟ್ ತಪ್ಪಿಸಿ, ಚಕ್ರ ನೆಲ ಬಿಡುವಷ್ಟು ಮಾತ್ರ ಎತ್ತಬೇಕು. ಒಂದೇ ಜಾಕ್ ನಂಬಿ ಗಾಡಿಯ ಅಡಿಗೆ ತಲೆ ಹಾಕೋದು ಬೇಡ. ಹ್ಯಾಂಡಲ್‌ಗೆ ಬೆಲ್ಟ್ ಹಾಕಿ ಮೇಲಿನ ತೊಲೆಗೋ ಗೋಡೆಯ ಕೊಕ್ಕೆಗೋ ಕಟ್ಟಿದ್ದರೆ ಸ್ವಲ್ಪ ಧೈರ್ಯ.

ರ‍್ಯಾಂಪ್: ದೊಡ್ಡ ದುಡ್ಡು, ದೊಡ್ಡ ಲೆಕ್ಕ

ಗಾಡಿಯನ್ನು ಹಲಗೆ ಮೇಲೆ ಹತ್ತಿಸಿ, ಹಲಗೆಯನ್ನೇ ಮೂರು ಅಡಿ ಮೇಲೆತ್ತುವುದು ರ‍್ಯಾಂಪ್. ನಿಂತುಕೊಂಡು ಕೆಲಸ ಮಾಡಬಹುದು. ದಿನಕ್ಕೆ ನಾಲ್ಕೈದು ಗಾಡಿ ಬರುವ ಗ್ಯಾರೇಜ್‌ಗೆ ಇದು ಸೌಕರ್ಯಕ್ಕಿಂತ ಹೆಚ್ಚು. ಬೆಲೆ ಹತ್ತು ಸಾವಿರಗಳ ಲೆಕ್ಕದಲ್ಲಿ ಇರೋದರಿಂದ ತಪ್ಪು ಆಯ್ಕೆ ಮಾಡಿದರೆ ವರ್ಷಗಟ್ಟಲೆ ಅನುಭವಿಸಬೇಕು.

ತೂಕದ ಲೆಕ್ಕ ಹೀಗೆ. ರ‍್ಯಾಂಪ್ ಮೇಲೆ 300 ಕೆ.ಜಿ. ಅಂತ ಬರೆದಿದೆ ಅಂದುಕೊಳ್ಳಿ. ಸೂಪರ್ ಮಿಟಿಯಾರ್ 241 ಕೆ.ಜಿ., ಅದರ ಮೇಲೆ 70 ಕೆ.ಜಿ.ಯ ಒಬ್ಬರು ಹತ್ತಿದರೆ ಆಗಲೇ 311. ಮೇಲೆ ಟೂಲ್ ಬಾಕ್ಸ್ ಬೇರೆ. ಸ್ಪ್ಲೆಂಡರ್, ಶೈನ್, ಸ್ಕೂಟರ್ ಮಾತ್ರ ಬರುವ ಕಡೆ 300 ಸಾಕು. ಬುಲೆಟ್ ಕೆಲಸ ಹಿಡಿಯುವವರು 450, 500ರದ್ದೇ ನೋಡಬೇಕು.

ಇನ್ನು ಲಾಕ್. ಹೈಡ್ರಾಲಿಕ್ ರ‍್ಯಾಂಪ್ ನಿಂತಿರೋದು ಸಿಲಿಂಡರ್ ಒಳಗಿನ ಆಯಿಲ್ ಮೇಲೆ, ಆ ಆಯಿಲ್ ನಿಂತಿರೋದು ಒಂದು ರಬ್ಬರ್ ಸೀಲ್ ಮೇಲೆ. ಸೀಲ್ ಹೋದರೆ ರ‍್ಯಾಂಪ್ ನಿಧಾನಕ್ಕೆ ಇಳಿಯುತ್ತೆ, ಪೈಪ್ ಒಡೆದರೆ ದಢಕ್ಕನೆ. ಹಾಗಾಗಿ ಹಲ್ಲುಗಳಿಗೆ ಕಚ್ಚಿಕೊಳ್ಳುವ ಕಬ್ಬಿಣದ ಲಾಕ್, ಇಲ್ಲವೇ ತೂತಿಗೆ ತೂರಿಸುವ ದಪ್ಪ ಪಿನ್ ಇರಲೇಬೇಕು. ಅದು ಇಲ್ಲದ ರ‍್ಯಾಂಪ್ ಎಷ್ಟೇ ಕಡಿಮೆಗೆ ಸಿಕ್ಕರೂ ಬೇಡ. ಇದ್ದರೂ ಹಾಕದಿದ್ದರೆ ಇಲ್ಲದ ಹಾಗೇ. ಐದು ನಿಮಿಷದ ಕೆಲಸಕ್ಕೆ ಯಾಕೆ ಅಂತ ಲಾಕ್ ಹಾಕದೆ ಕೆಳಗೆ ಕೈ ಹಾಕುವವರು ಎಲ್ಲ ಗ್ಯಾರೇಜ್‌ನಲ್ಲೂ ಇದ್ದಾರೆ. ಹೊಸದಾಗಿ ಸೇರಿದ ಹುಡುಗರಿಗೆ ಮೊದಲ ದಿನ ಕಲಿಸಬೇಕಾದ್ದು ಇದನ್ನು.

ಎತ್ತುವ ಶಕ್ತಿ ಎಲ್ಲಿಂದ ಅನ್ನೋದು ನಮ್ಮ ಮಲೆನಾಡಿಗೆ ದೊಡ್ಡ ವಿಷಯ. ಕಾಲಲ್ಲಿ ತುಳಿಯುವ ಪಂಪ್, ಕಂಪ್ರೆಸರ್ ಗಾಳಿ, ಕರೆಂಟ್ ಮೋಟಾರ್, ಹೀಗೆ ಮೂರು ದಾರಿ. ಪಂಕ್ಚರ್‌ಗೆ ಅಂತ ಕಂಪ್ರೆಸರ್ ಮೊದಲೇ ಇದ್ದರೆ ಗಾಳಿಯದ್ದು ಅಗ್ಗವಾಗಿ ಹೊಂದುತ್ತೆ. ಕರೆಂಟಿನದು ಸಿಂಗಲ್ ಫೇಸೋ ತ್ರೀ ಫೇಸೋ ಕೇಳಿ. ತ್ರೀ ಫೇಸ್ ಆದರೆ ಮೆಸ್ಕಾಂ ಕಡೆ ಸಂಪರ್ಕ ಬದಲಿಸುವ ಖರ್ಚೂ ಸೇರಿಸಿಕೊಳ್ಳಬೇಕು. ಮಳೆ ಗಾಳಿಗೆ ಮರ ಬಿದ್ದು ದಿನಗಟ್ಟಲೆ ಕರೆಂಟ್ ಇಲ್ಲದ ಊರುಗಳಿಗೆ ಇನ್ನೊಂದು ಪೇಚು ಇದೆ, ಅಂಗಡಿಯವರು ಇದನ್ನು ಹೇಳೋದು ಕಡಿಮೆ. ಹಲ್ಲಿನ ಲಾಕ್ ಬಿಡಿಸಬೇಕಾದರೆ ರ‍್ಯಾಂಪನ್ನು ಮೊದಲು ಒಂದು ಚೂರು ಮೇಲೆತ್ತಬೇಕು, ಆಮೇಲೆ ಲಾಕ್ ತೆಗೆದು ಇಳಿಸಬೇಕು. ಕರೆಂಟ್ ಇಲ್ಲದಿದ್ದರೆ ಆ ಚೂರೂ ಎತ್ತೋಕೆ ಆಗಲ್ಲ. ಗಿರಾಕಿ ಸಂಜೆ ಬಂದು ನಿಂತಿರುತ್ತಾರೆ, ಅವರ ಗಾಡಿ ಮೂರು ಅಡಿ ಮೇಲೆ ಸಿಕ್ಕಿಕೊಂಡಿರುತ್ತೆ. ಹಾಗಾಗಿ ಮೋಟಾರ್ ಇರುವುದು ತಗೊಂಡರೂ ಜೊತೆಗೆ ಕೈ ಪಂಪ್ ಇದೆಯಾ ನೋಡಿ. ಒಂದೇ ರ‍್ಯಾಂಪ್ ಇಡುವ ಸಣ್ಣ ಗ್ಯಾರೇಜ್‌ಗೆ ಕಾಲು ಪಂಪಿನದೇ ವಾಸಿ. ತುಳಿಯೋದಕ್ಕೆ ಒಂದೆರಡು ನಿಮಿಷ ಹೋಗುತ್ತೆ, ಆದರೆ ಯಾರನ್ನೂ ಕಾಯಬೇಕಾಗಿಲ್ಲ.

ಜಾಗ ಅಳೆಯದೆ ಆರ್ಡರ್ ಮಾಡಿ ಪೇಚಾಡಿದವರೂ ಇದ್ದಾರೆ. ಹಲಗೆ ಉದ್ದ ಸಾಮಾನ್ಯವಾಗಿ ಏಳು ಅಡಿ ಆಸುಪಾಸು, ಹತ್ತಿಸುವ ಇಳಿಜಾರಿಗೆ ಇನ್ನೆರಡು ಅಡಿ, ಎರಡೂ ಬದಿ ಓಡಾಡೋಕೆ ಎರಡೂವರೆ ಅಡಿಯಾದರೂ ಬೇಕು. ಎತ್ತರವೂ ನೋಡಬೇಕು. ಬೈಕಿನ ಕನ್ನಡಿವರೆಗೆ ನಾಲ್ಕು ಅಡಿ, ರ‍್ಯಾಂಪ್ ಮೂರು ಅಡಿ, ಸೇರಿ ಏಳು. ತಗಡಿನ ಮಾಡು ಇಳಿಜಾರಾಗಿ ಇರುವ ಶೆಡ್ಡಿನಲ್ಲಿ ತಗ್ಗಿನ ಬದಿಗೆ ಇಟ್ಟರೆ ಕನ್ನಡಿ ತಗಡಿಗೆ ತಾಗುತ್ತೆ, ಫ್ಯಾನ್ ಕೆಳಗೆ ಇಟ್ಟರೆ ಹೇಳೋದೇ ಬೇಡ. ನೆಲ ಗಟ್ಟಿ ಕಾಂಕ್ರೀಟ್ ಇರಬೇಕು. ಕಡಪ ಕಲ್ಲು, ಟೈಲ್ಸ್ ಮೇಲೆ ಬೋಲ್ಟ್ ಹಾಕಿದರೆ ಒಡೆಯುತ್ತೆ. ಬಾಡಿಗೆ ಅಂಗಡಿಯಾದರೆ ನೆಲ ಕೊರೆಯೋಕೆ ಮಾಲೀಕರ ಒಪ್ಪಿಗೆ ಮೊದಲೇ ಕೇಳಿಕೊಳ್ಳಿ.

ಹಲಗೆ ಉಬ್ಬು ಗೆರೆಯ ಚೆಕರ್ಡ್ ಪ್ಲೇಟ್ ಇರಲಿ. ನುಣುಪು ಹಲಗೆ ಮೇಲೆ ಕೆಸರು ಟಯರು, ಒಂದು ಹನಿ ಆಯಿಲ್ ಸೇರಿದರೆ ಹತ್ತಿಸುವಾಗಲೇ ಗಾಡಿ ವಾಲುತ್ತೆ. ಮುಂದಿನ ಚಕ್ರ ಹಿಡಿಯುವ ಕ್ಲಾಂಪ್ ಟಯರನ್ನು ಹಿಡಿಯಬೇಕು, ಡಿಸ್ಕಿಗೆ ತಾಗಬಾರದು. ಹಿಂದಿನ ಚಕ್ರದ ಜಾಗದಲ್ಲಿ ತೆಗೆದಿಡುವ ತುಂಡು ಹಲಗೆ ಇದ್ದರೆ ಚಕ್ರ ಕೆಳಗಡೆ ಜಾರಿಸಿ ತೆಗೆಯಬಹುದು, ಇಲ್ಲದಿದ್ದರೆ ಗಾಡಿಯನ್ನು ರ‍್ಯಾಂಪ್ ಮೇಲೇ ಮತ್ತೊಮ್ಮೆ ಎತ್ತಬೇಕು. ಬೆಲ್ಟ್ ಕಟ್ಟೋಕೆ ನಾಲ್ಕು ಮೂಲೆಯಲ್ಲಿ ಕೊಕ್ಕೆ ಇದೆಯಾ ಅದೂ ನೋಡಿ.

ವೆಲ್ಡಿಂಗ್ ಶಾಪಿನಲ್ಲಿ ಮಾಡಿಸೋದಾ?

ಜಿಲ್ಲೆಯಲ್ಲಿ ಒಳ್ಳೆ ಫ್ಯಾಬ್ರಿಕೇಷನ್ ಕೆಲಸಗಾರರಿಗೆ ಕೊರತೆ ಇಲ್ಲ. ಪ್ಯಾಡಕ್ ಸ್ಟ್ಯಾಂಡ್ ಧೈರ್ಯವಾಗಿ ಮಾಡಿಸಬಹುದು. ರ‍್ಯಾಂಪ್ ಆದರೆ ಸಿಲಿಂಡರ್ ಮಾತ್ರ ಹೊಸದೇ ಹಾಕಿಸಿ, ಹಳೇ ಲಾರಿ ಜಾಕಿ ಬಿಚ್ಚಿ ಕೂರಿಸಿದ್ದು ಬೇಡ. ಕತ್ತರಿ ಕಾಲುಗಳು ಸೇರುವ ಪಿನ್‌ಗಳಿಗೆ ಬುಷ್ ಮತ್ತು ಗ್ರೀಸ್ ನಿಪ್ಪಲ್ ಇರಬೇಕು. ನಮ್ಮ ಮಳೆಗೆ ಮೊದಲು ತುಕ್ಕು ಹಿಡಿಯೋದು ಅಲ್ಲೇ. ರ‍್ಯಾಂಪ್ ಮೇಲೇ ಗಾಡಿ ತೊಳೆಯುವವರಿಗೆ ಇದು ಇನ್ನೂ ಮುಖ್ಯ.

ಕೈಯಲ್ಲಿ ಅಷ್ಟು ದುಡ್ಡಿಲ್ಲ ಅನ್ನುವವರು ಬ್ಯಾಂಕಿನಲ್ಲಿ ಮುದ್ರಾ ಸಾಲ ವಿಚಾರಿಸಬಹುದು. 2015ರಲ್ಲಿ ಶುರುವಾದ ಈ ಯೋಜನೆಯ 'ಶಿಶು' ವಿಭಾಗದಲ್ಲಿ 50,000 ರೂ.ವರೆಗೆ, 'ಕಿಶೋರ್'ನಲ್ಲಿ 5 ಲಕ್ಷದವರೆಗೆ ಅಡಮಾನ ಇಲ್ಲದೆ ಸಾಲಕ್ಕೆ ಅವಕಾಶ ಇದೆ. ಅಂಗಡಿಯಿಂದ ಜಿಎಸ್‌ಟಿ ಇರುವ ಕೊಟೇಶನ್ ತಗೊಂಡು ಹೋದರೆ ಓಡಾಟ ಕಡಿಮೆ.

ಸೆಕೆಂಡ್ ಹ್ಯಾಂಡ್ ಸಿಕ್ಕರೆ ಅವಸರ ಮಾಡದೆ ಒಂದು ರಾತ್ರಿ ಟೈಮ್ ಕೇಳಿ. ಭಾರದ ಗಾಡಿಯೊಂದನ್ನು ಬೆಲ್ಟ್ ಕಟ್ಟಿ ಹತ್ತಿಸಿ, ಪೂರ್ತಿ ಎತ್ತಿ, ಕಬ್ಬಿಣದ ಲಾಕ್ ಹಾಕದೆ ಬಿಡಿ. ಹಲಗೆಯ ಮಟ್ಟಕ್ಕೆ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಯಾರೂ ಹತ್ತಿರ ಹೋಗದ ಹಾಗೆ ಶಟರ್ ಹಾಕಿಸಿ. ಬೆಳಗ್ಗೆ ಗೆರೆಗಿಂತ ಒಂದು ಇಂಚು ಕೆಳಗೆ ಬಂದಿದ್ದರೂ ಸೀಲ್ ಹೋಗಿದೆ ಅಂತಲೇ ಅರ್ಥ. ಸೀಲ್ ಬದಲಿಸಿ ಕೊಡ್ತೀನಿ ಅಂದರೆ ಬದಲಿಸಿದ ಮೇಲೆ ಇನ್ನೊಂದು ರಾತ್ರಿ ಹೀಗೇ ನಿಲ್ಲಿಸಿ ನೋಡಿ, ಆಮೇಲೆ ದುಡ್ಡು ಕೊಡಿ.