ತಳವಾರಿಕೆಯಿಂದ ಗಸ್ತಿನವರೆಗೆ: ಧಾರವಾಡ ಸೀಮೆಯಲ್ಲಿ ಊರಕಾವಲಿನ ವೆಚ್ಚ

ಧಾರವಾಡ, ಬೆಳಗಾವಿ, ಹಾವೇರಿ, ಗದಗ ಜಿಲ್ಲೆಗಳ ಊರುಗಳ ಮತದಾರರ ಯಾದಿಯನ್ನು ಬಿಚ್ಚಿ ನೋಡಿದರೆ ತಳವಾರ, ವಾಲೀಕಾರ, ಸನದಿ ಎಂಬ ಅಡ್ಡಹೆಸರುಗಳು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತವೆ. ಇವು ಒಂದು ಕಾಲಕ್ಕೆ ಊರಕಾವಲಿನ ಹುದ್ದೆಗಳ ಹೆಸರುಗಳಾಗಿದ್ದವು. ಓಲೆ ಒಯ್ಯುವ ಓಲೆಕಾರನೇ ಆಡುಮಾತಿನಲ್ಲಿ ವಾಲೀಕಾರನಾದ. ಸನದು ಪಡೆದು ಭೂಮಿ ಉಂಡವನು ಸನದಿಯಾದ. ತಳವಾರ ಎಂಬುದು ಹುದ್ದೆಯ ಹೆಸರಾಗಿ ಮೊದಲಾಗಿ ಸಮುದಾಯದ ಹೆಸರಾಗಿಯೂ ನಿಂತಿತು. 2020ರ ಶಾಸನದ ತಿದ್ದುಪಡಿಯಲ್ಲಿ ಅದು ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿ ನಾಯಕ ಗುಂಪಿನ ಸಮಾನಪದವಾಗಿ ಸೇರಿತು. ಹುದ್ದೆ ಅಳಿದು ಆರು ದಶಕಗಳು ಕಳೆದರೂ ಹೆಸರು ಉಳಿದಿದೆ.

ಈಚಿನ ದಶಕಗಳಲ್ಲಿ ‘ಸಮುದಾಯ ಪೊಲೀಸ್ ವ್ಯವಸ್ಥೆ’ ಎಂಬ ಮಾತು ಆಡಳಿತದ ಕಡತಗಳಲ್ಲಿ ಹೊಸ ವಿಚಾರವೆಂಬಂತೆ ಓಡಾಡುತ್ತಿದೆ. ಊರಿನವರೂ ಪೊಲೀಸರೂ ಕೂಡಿ ಊರನ್ನು ಕಾಯಬೇಕು, ಅದಕ್ಕಾಗಿ ನಗರಗಳಿಗೆ ಅನುದಾನ ದೊರೆಯಬೇಕು ಎಂಬುದು ಅದರ ಸಾರ. ಅಮೆರಿಕದಲ್ಲಿ 1994ರ ಅಪರಾಧ ನಿಯಂತ್ರಣ ಕಾಯಿದೆಯು ಒಂದು ಲಕ್ಷ ಪೊಲೀಸರನ್ನು ನೇಮಿಸುವ ಗುರಿಯಿಟ್ಟುಕೊಂಡು ನಗರಗಳಿಗೆ ಇಂಥ ಅನುದಾನ ಹಂಚಿದ ಮೇಲೆ ಈ ಮಾದರಿ ಜಗತ್ತಿನ ಹಲವೆಡೆ ಹಬ್ಬಿತು. ಆದರೆ ಧಾರವಾಡ ಸೀಮೆಗೆ ಇದು ಹೊಸದಲ್ಲ. ಇಲ್ಲಿ ಊರು ತನ್ನ ಕಾವಲನ್ನು ತಾನೇ ಸಾಕಿದ ದೀರ್ಘ ಪರಂಪರೆಯಿದೆ. ಕಾವಲುಗಾರನ ಅನ್ನ ಎಲ್ಲಿಂದ ಬಂದಿತು, ಅದರಿಂದ ಅವನು ಯಾರಿಗೆ ಉತ್ತರ ಹೇಳಬೇಕಾಯಿತು, ಆ ಅನ್ನದ ಮೂಲ ಬದಲಾದಾಗ ಏನಾಯಿತು ಎಂಬುದೇ ಪ್ರಸ್ತುತ ಪ್ರಬಂಧದ ವಿಷಯ.

ತಳವಾರ ಶಬ್ದದ ಪ್ರಾಚೀನತೆ ಗಮನಾರ್ಹವಾದುದು. ಕ್ರಿ.ಶ. 3ನೆಯ ಶತಮಾನದ ನಾಗಾರ್ಜುನಕೊಂಡದ ಇಕ್ಷ್ವಾಕು ಶಾಸನಗಳಲ್ಲಿ ‘ಮಹಾತಲವರ’ ಎಂಬುದು ದೊಡ್ಡ ಅಧಿಕಾರಿಯ ಬಿರುದು. ಶತಮಾನಗಳು ಉರುಳಿದಂತೆ ಆ ಹೆಸರು ಅರಮನೆಯಿಂದ ಇಳಿದು ಊರ ಚಾವಡಿಯ ಕಟ್ಟೆಗೆ ಬಂದಿತು. ವಿಜಯನಗರ ಕಾಲದ ಶಾಸನಗಳ ತೆರಿಗೆ ಪಟ್ಟಿಗಳಲ್ಲಿ ‘ತಳವಾರಿಕೆ’ ಒಂದು ಬಾಬತ್ತಾಗಿ ಕಾಣಿಸಿಕೊಳ್ಳುತ್ತದೆ. ಊರಕಾವಲಿಗೆಂದೇ ಜನರಿಂದ ಎತ್ತುತ್ತಿದ್ದ ಹಣವದು. ಅದಕ್ಕೂ ಹಿಂದೆ, ತುರುಗಳನ್ನು ಮರಳಿಸಲು, ಊರಳಿವನ್ನು ತಡೆಯಲು ಕಾದಿ ಮಡಿದವರ ಕುಟುಂಬಕ್ಕೆ ಭೂಮಿ ಬಿಡುವ ಪದ್ಧತಿಯಿದ್ದಿತು. ಕಲ್ನಾಡು, ಬಾಳ್ಗಳ್ಚು, ನೆತ್ತರುಗೊಡಗಿ ಎಂಬ ಶಾಸನಪದಗಳು ಇದನ್ನು ಸಾರುತ್ತವೆ. ವೀರಗಲ್ಲನ್ನು ಶೌರ್ಯದ ಸ್ಮಾರಕವೆಂದು ಮಾತ್ರ ಓದುವ ರೂಢಿಯಿದೆ. ಅದನ್ನು ಊರು ತನ್ನ ರಕ್ಷಣೆಗೆ ತೆತ್ತ ಬೆಲೆಯ ಲೆಕ್ಕಪತ್ರವೆಂದೂ ಓದಬಹುದು.

ಆಯಗಾರ ಪದ್ಧತಿಯಲ್ಲಿ ತಳವಾರನ ಸ್ಥಾನ ಸ್ಪಷ್ಟವಾಗಿದೆ. ಬಡಿಗ, ಕಮ್ಮಾರ, ಅಗಸ, ನಾವಿದರಂತೆ ಅವನಿಗೂ ಸುಗ್ಗಿಯ ಕಣದಲ್ಲಿ ಆಯದ ಕಾಳು ಸಲ್ಲುತ್ತಿತ್ತು. 1812ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನ ಮುಂದೆ ಬಂದ ‘ಐದನೆಯ ವರದಿ’ಯು ದಕ್ಷಿಣದ ಗ್ರಾಮಗಳ ಸೇವಕರನ್ನು ವಿವರಿಸುವಾಗ ತಳಾರಿ ಮತ್ತು ತೋಟಿ ಎಂಬ ಇಬ್ಬರನ್ನು ಬೇರ್ಪಡಿಸುತ್ತದೆ. ಅಪರಾಧಗಳ ಸುಳಿವು ಹಿಡಿಯುವುದು, ದಾರಿಗರನ್ನು ಊರಿಂದೂರಿಗೆ ಕಾದು ಮುಟ್ಟಿಸುವುದು ಮೊದಲನೆಯವನ ಕೆಲಸ. ಬೆಳೆ ಕಾಯುವುದು, ಅದರ ಅಳತೆಗೆ ನೆರವಾಗುವುದು ಎರಡನೆಯವನದು. ಪೇಶ್ವೆಯಿಂದ ಗೆದ್ದ ಪ್ರದೇಶಗಳ ಬಗೆಗೆ ಎಲ್ಫಿನ್‌ಸ್ಟನ್ 1819ರಲ್ಲಿ ಬರೆದ ವರದಿಯಲ್ಲಿ ಇನ್ನೊಂದು ಸ್ವಾರಸ್ಯದ ಸಂಗತಿಯಿದೆ. ಕಳವಾದರೆ ಕಾವಲುಗಾರನು ಕಳ್ಳನ ಹೆಜ್ಜೆಯ ಜಾಡನ್ನು ಹಿಡಿದು ಹೊರಡಬೇಕು. ಜಾಡು ನೆರೆಯೂರಿನ ಸೀಮೆಯನ್ನು ಹೊಕ್ಕರೆ ಹೊಣೆ ಆ ಊರಿಗೆ ದಾಟುತ್ತದೆ. ದಾಟಿಸಲಾಗದಿದ್ದರೆ ಹಾನಿಯ ಹೊಣೆ ಅವನದು, ಅವನಿಂದಾಗದಿದ್ದರೆ ಊರಿನದು. ಕಾವಲು ತಪ್ಪಿದಾಗ ಕಾಳು ತಿಂದವನೇ ಕಾಳು ತೆರಬೇಕೆಂಬ ಈ ನಿಯಮದಲ್ಲಿ ಲಾಭವೂ ಹೊಣೆಯೂ ಒಂದೇ ಕಣದಲ್ಲಿ ಅಳೆಯಲ್ಪಡುತ್ತಿದ್ದವು.

ಸೀಮೆ ಎಂಬ ಕಲ್ಪನೆಗೆ ಇಲ್ಲಿರುವ ತೂಕವನ್ನು ಜನಪದರ ಆಚರಣೆಗಳಿಂದ ಅರಿಯಬೇಕು. ದ್ಯಾಮವ್ವನ ಜಾತ್ರೆಯಲ್ಲಿ ಊರ ಗಡಿಯ ಸುತ್ತ ರಾತ್ರಿ ಹುಲುಸು ಚೆಲ್ಲುತ್ತ ಸಾಗುವಾಗ ಆಯುಧ ಹಿಡಿದವರು ಜೊತೆಗಿರುತ್ತಾರೆ. ನೆರೆಯೂರಿನವರು ಹುಲುಸನ್ನು ಕದ್ದೊಯ್ದರೆ ಊರಿನ ಫಲವೇ ಹೋಯಿತೆಂಬ ನಂಬಿಕೆಯುಂಟು. ಜಾಡು ಹಿಡಿದು ಗಡಿಗೆ ಬಂದು ನಿಲ್ಲುವ ಕಾವಲುಗಾರನೂ ಹುಲುಸು ಕಾಯುವವನೂ ಒಂದೇ ರೇಖೆಯ ಮೇಲೆ ನಡೆದವರು. ನಕಾಶೆ ಬರುವ ಮುನ್ನ ಸೀಮೆಯನ್ನು ಬಲ್ಲವರು ಅವರೇ.

ಕಿತ್ತೂರು, ಬೆಳಗಾವಿ, ಧಾರವಾಡ ಭಾಗಗಳಲ್ಲಿ ಈ ಕಾವಲಿನ ವಿಶಿಷ್ಟ ರೂಪವೆಂದರೆ ಶೇತಸನದಿ. ಶೇತ ಎಂದರೆ ಹೊಲ. ಹೊಲದ ಸನದು ಪಡೆದವನು ಊರ ಕಾವಲಿಗೂ, ವಸೂಲಿಯ ನೆರವಿಗೂ, ಅಗತ್ಯ ಬಿದ್ದರೆ ದಂಡಿಗೂ ಹೋಗುತ್ತಿದ್ದನು. ಸಂಗೊಳ್ಳಿ ರಾಯಣ್ಣ ಇಂಥ ಶೇತಸನದಿ. 1824ರಲ್ಲಿ ಕಿತ್ತೂರು ಬಿದ್ದ ಮೇಲೆ ಕಂಪನಿ ಸರ್ಕಾರ ಈ ಭೂಮಿಗಳ ಮೇಲೆ ಕೈಯಿಟ್ಟಿತು. ಕೆಲವನ್ನು ಜಪ್ತು ಮಾಡಿ ಉಳಿದವಕ್ಕೆ ಕಂದಾಯ ಏರಿಸಿತು. 1830ರ ಜನವರಿಯಲ್ಲಿ ಬೀಡಿಯ ಕಚೇರಿಗೆ ಬೆಂಕಿ ಬಿದ್ದುದರೊಂದಿಗೆ ರಾಯಣ್ಣನ ದಂಗೆ ಆರಂಭವಾಯಿತು. ಅವನ ಜೊತೆಗೂಡಿದವರಲ್ಲಿ ಭೂಮಿ ಕಳೆದುಕೊಂಡ ಶೇತಸನದಿಗಳೂ ಇದ್ದರು. 1831ರ ಜನವರಿ 26ರಂದು ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಲಾಯಿತು. ಫ್ಲೀಟ್ 19ನೆಯ ಶತಮಾನದ ಕೊನೆಯಲ್ಲಿ ಪ್ರಕಟಿಸಿದ ಕನ್ನಡ ಲಾವಣಿಗಳಲ್ಲಿ ರಾಯಣ್ಣನದೂ ಒಂದು. ಕಿತ್ತೂರಿನ ಮೇಲಣ ನಿಷ್ಠೆ, ದತ್ತಕದ ಪ್ರಶ್ನೆ ಇವೆಲ್ಲ ಈ ಹೋರಾಟದಲ್ಲಿ ನಿಜವಾಗಿಯೂ ಇದ್ದವು. ಅವುಗಳ ನಡುವೆ ಊರಕಾವಲಿನವನ ಹೊಲ ಹೋಯಿತೆಂಬ ಸಂಗತಿಯನ್ನು ಚರಿತ್ರೆಕಾರರು ಅಂಚಿಗೆ ಸರಿಸಿರುವುದು ಸರಿಯಲ್ಲ. ಕಾವಲಿನ ವೆಚ್ಚವನ್ನು ಉಳಿಸಹೊರಟ ಸರ್ಕಾರ ಕಾವಲುಗಾರರನ್ನೇ ಎದುರು ಹಾಕಿಕೊಂಡ ನಿದರ್ಶನವಿದು.

ಆಮೇಲಿನ ಹೆಜ್ಜೆಗಳು ಕಾಗದದ ಮೇಲೆ ನಡೆದವು. 1852ರ ಇನಾಮ್ ಆಯೋಗ ಭೂಮಿಗಳ ಹಕ್ಕುಪತ್ರ ಕೇಳಿತು. 1867ರ ಮುಂಬಯಿ ಗ್ರಾಮ ಪೊಲೀಸ್ ಕಾಯಿದೆ ಊರಗೌಡನನ್ನು ಪೊಲೀಸ್ ಪಾಟೀಲನನ್ನಾಗಿಸಿ ಜಿಲ್ಲಾ ಮ್ಯಾಜಿಸ್ಟ್ರೇಟನ ಕೈಕೆಳಗೆ ತಂದಿತು. 1874ರ ವಂಶಪಾರಂಪರ್ಯ ಹುದ್ದೆಗಳ ಕಾಯಿದೆ ವತನುಗಳನ್ನು ಕ್ರಮಕ್ಕೆ ಹಚ್ಚಿತು. ಕಾಳು ಊರಿನದಾಗಿಯೇ ಉಳಿಯಿತು, ಆಜ್ಞೆ ಮಾತ್ರ ಕಚೇರಿಯದಾಯಿತು. ಹೀಗೆ ಕಾವಲುಗಾರನಿಗೆ ಇಬ್ಬರು ಒಡೆಯರಾದರು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಊರಕಾವಲಿನ ಈ ಪರಂಪರೆಯನ್ನು ಹಳೆಯ ಕಾಲದ ಸಾಮರಸ್ಯವೆಂದು ಕೊಂಡಾಡುವವರು ಜಾನಪದ ಕ್ಷೇತ್ರದಲ್ಲಿಯೇ ಬಹಳವಿದ್ದಾರೆ. ಅವರು ಕಣದ ಕಾಳನ್ನು ನೋಡುತ್ತಾರೆ, ಅದನ್ನು ಕೈಯೊಡ್ಡಿ ಪಡೆಯಬೇಕಾದವನನ್ನು ನೋಡುವುದಿಲ್ಲ. ಕೆಳಗಿನ ಸೇವೆಗಳಲ್ಲಿದ್ದ ಹೊಲೆಯ, ಮಹಾರ ಕುಟುಂಬಗಳು ಹಗಲಿರುಳೂ ಕರೆದಾಗ ಬರಬೇಕಿತ್ತು. ಮನೆಯ ಗಂಡಸು ಇಲ್ಲದಿದ್ದರೆ ಹೆಂಗಸರೋ ಮಕ್ಕಳೋ ಹೋಗಬೇಕಿತ್ತು. ರೈತನಿಗೆ ಸಿಟ್ಟು ಬಂದರೆ ಕಾಳು ನಿಲ್ಲುತ್ತಿತ್ತು. ಮುಂಬಯಿ ವಿಧಾನ ಪರಿಷತ್ತಿನಲ್ಲಿ ಡಾ. ಬಿ.ಆರ್. ಅಂಬೇಡ್ಕರರು 1928ರ ಮಾರ್ಚಿಯಲ್ಲಿ 1874ರ ಕಾಯಿದೆಗೆ ತಿದ್ದುಪಡಿ ತರುವ ಮಸೂದೆ ಮಂಡಿಸಿದ್ದು ಈ ಕಾರಣಕ್ಕೆ. ಸರ್ಕಾರದ ಕೆಲಸ ಮಾಡುವವನಿಗೆ ಊರಿನವರ ದಯೆಯ ಕಾಳಿನ ಬದಲು ನಿಶ್ಚಿತವಾದ ಹಣ ಸಲ್ಲಬೇಕು, ಬೇಡವೆಂದವನಿಗೆ ಸೇವೆಯಿಂದ ಬಿಡುಗಡೆಯಾಗಿ ಭೂಮಿ ಉಳಿಯಬೇಕು ಎಂಬುದು ಅದರ ತಿರುಳು. ಮಸೂದೆ ಕಾಯಿದೆಯಾಗಲಿಲ್ಲ, ಅಂಬೇಡ್ಕರರು ಅದನ್ನು ಹಿಂದೆಗೆದುಕೊಂಡರು. ಧಾರವಾಡ ಆಗ ಮುಂಬಯಿ ಪ್ರಾಂತದಲ್ಲಿದ್ದುದರಿಂದ ಈ ಚರ್ಚೆ ಕನ್ನಡ ಜಿಲ್ಲೆಗಳ ಕೆಳಸೇವಕರ ಬದುಕಿಗೂ ಸಂಬಂಧಿಸಿದ್ದಾಗಿತ್ತು. ರಾಯಣ್ಣನ ಕಾಲಕ್ಕೆ ಕಾವಲುಗಾರರು ಊರಿನ ಭೂಮಿಯನ್ನು ಉಳಿಸಿಕೊಳ್ಳಲು ಬಡಿದಾಡಿದರು. ನೂರು ವರ್ಷಗಳ ಬಳಿಕ ಊರಿನ ಅನ್ನದ ಹಂಗಿನಿಂದ ಪಾರಾಗಲು ಕೇಳಿಕೊಂಡರು. ಈ ಎರಡೂ ಬೇಡಿಕೆಗಳು ನ್ಯಾಯವಾದವೇ.

ಪೇಟೆಯ ಕಥೆ ಬೇರೆ. 1850ರ ದಶಕದಲ್ಲಿ ಹುಬ್ಬಳ್ಳಿ, ಧಾರವಾಡಗಳಲ್ಲಿ ಪುರಸಭೆಗಳು ಬಂದವು. ಆ ಕಾಲದ ಪುರಸಭೆಗಳು ಪೊಲೀಸರ ವೆಚ್ಚದಲ್ಲಿ ಪಾಲು ಕೊಡಬೇಕಾಗುತ್ತಿತ್ತು. ರಿಪ್ಪನ್ನನ 1882ರ ಸ್ಥಳೀಯ ಸ್ವಯಮಾಡಳಿತ ನಿರ್ಣಯವು ಆ ಹೊರೆಯನ್ನು ಇಳಿಸಿ, ಉಳಿದ ಹಣವನ್ನು ಶಾಲೆ ದವಾಖಾನೆಗಳಿಗೆ ಹಾಕಬೇಕೆಂದು ಸೂಚಿಸಿತು. ಪೇಟೆಗಳಿಗೆ ಹಗುರವಾಯಿತು ನಿಜ. ಆದರೆ ಅದರೊಂದಿಗೆ ಕಾವಲಿನ ಬಗ್ಗೆ ಮಾತಾಡುವ ಹಕ್ಕೂ ಹೋಯಿತು. ಇದಕ್ಕೆ ವ್ಯತಿರಿಕ್ತವಾಗಿ, 1861ರ ಪೊಲೀಸ್ ಕಾಯಿದೆ ಮತ್ತು 1890ರ ಮುಂಬಯಿ ಕಾಯಿದೆಗಳು ಗಲಭೆಯಾದ ಊರಿನಲ್ಲಿ ಹೆಚ್ಚುವರಿ ಪೊಲೀಸರನ್ನು ಕೂರಿಸಿ ಅದರ ಖರ್ಚನ್ನು ನಿವಾಸಿಗಳಿಂದಲೇ ವಸೂಲು ಮಾಡಲು ಅವಕಾಶವಿತ್ತವು. ಜನ ಕಾವಲಿಗೆ ಹಣ ಕೊಡುವುದೆಂದರೆ ದಂಡ ತೆರುವುದೆಂಬ ಅರ್ಥ ಬಂದದ್ದು ಹೀಗೆ.

ಹುಬ್ಬಳ್ಳಿಯ ಸೆಟ್ಲಮೆಂಟಿನ ಹೆಸರನ್ನು ಇಲ್ಲಿ ಹೇಳದೆ ಬಿಡುವಂತಿಲ್ಲ. ಅಪರಾಧಿ ಬುಡಕಟ್ಟುಗಳ ಕಾಯಿದೆಯ ಅಡಿಯಲ್ಲಿ 20ನೆಯ ಶತಮಾನದ ಎರಡನೆಯ ದಶಕದಿಂದ ವಿಜಾಪುರ, ಗದಗ, ಹುಬ್ಬಳ್ಳಿ, ಸೊಲ್ಲಾಪುರಗಳಲ್ಲಿ ಇಂಥ ವಸತಿಗಳು ಎದ್ದವು. ಗಂಟಿಚೋರ, ಕೊರಮ ಮೊದಲಾದ ಸಮುದಾಯಗಳ ಕುಟುಂಬಗಳನ್ನು ಅಲ್ಲಿರಿಸಿ ದಿನವೂ ಹಾಜರಿ ತೆಗೆದುಕೊಳ್ಳಲಾಗುತ್ತಿತ್ತು. 1952ರಲ್ಲಿ ಕಾಯಿದೆ ರದ್ದಾಯಿತು. ಓಣಿಗೆ ಹೆಸರು ಉಳಿಯಿತು. ಕಾವಲು ಕಾಯುವ ಸಮುದಾಯ ಮತ್ತು ಕಾವಲಿಗೆ ಒಳಗಾಗುವ ಸಮುದಾಯ ಎಂಬ ಭೇದವನ್ನು ಒಂದೇ ಪೇಟೆಯೊಳಗೆ ಗೋಡೆ ಕಟ್ಟಿ ತೋರಿಸಿದ ಕಾಲವದು. ಸಮುದಾಯವನ್ನು ಪೊಲೀಸರೊಂದಿಗೆ ಜೋಡಿಸುವ ಯಾವುದೇ ಯೋಜನೆ ‘ಸಮುದಾಯ’ ಎಂದರೆ ಯಾರು ಎಂಬ ಪ್ರಶ್ನೆಯನ್ನು ಮೊದಲು ಇಲ್ಲಿಂದಲೇ ಕೇಳಿಕೊಳ್ಳಬೇಕು.

1962ರಲ್ಲಿ ಹುಬ್ಬಳ್ಳಿ-ಧಾರವಾಡ ಮಹಾನಗರಪಾಲಿಕೆ ಆಯಿತು. 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯಿದೆ 1963ರ ಫೆಬ್ರುವರಿ 1ರಿಂದ ಜಾರಿಗೆ ಬಂದು ತಳವಾರಿಕೆಯ ಕೊನೆಯ ಎಳೆಯನ್ನು ಕತ್ತರಿಸಿತು. ಚಾಕರಿ ಜಮೀನುಗಳು ಹಣ ಕಟ್ಟಿದ ಕುಟುಂಬಗಳಿಗೆ ಮರುಮಂಜೂರಾದವು. ಮರುವರ್ಷವೇ, 1964ರಲ್ಲಿ, ಗ್ರಾಮ ರಕ್ಷಣಾ ದಳಗಳ ಕಾಯಿದೆ ಬಂದುದು ಒಂದು ವಿಪರ್ಯಾಸ. ಸಂಬಳವಿದ್ದ ಕಾವಲನ್ನು ತೆಗೆದು ಸ್ವಯಂಸೇವೆಯ ಕಾವಲನ್ನು ಕಟ್ಟಲು ಹೊರಟದ್ದು. ಪೇಟೆಯ ಓಣಿಗಳಲ್ಲಿ ಮಾತ್ರ ಹಳೆಯ ಆಯ ಬೇರೆ ವೇಷದಲ್ಲಿ ಬದುಕಿತು. ರಾತ್ರಿ ಕೋಲು ಬಡಿಯುತ್ತ, ಸೀಟಿ ಊದುತ್ತ ತಿರುಗುವ ಗೂರ್ಖಾ ತಿಂಗಳ ಮೊದಲಿಗೆ ಮನೆಮನೆಯ ಬಾಗಿಲಿಗೆ ಬಂದು ಹಣ ಪಡೆಯುವುದು ಕಣದ ಕಾಳಿನ ನಗರ ರೂಪವಲ್ಲದೆ ಮತ್ತೇನೂ ಅಲ್ಲ. ಅವನು ಮಲಗಿದರೆ ಕೇಳುವ ಹಕ್ಕು ಪ್ರತಿ ಮನೆಗೂ ಉಂಟು. ಆದರೆ ಹಣ ಕೊಡಲಾಗದ ಓಣಿಯಲ್ಲಿ ಅವನ ಸೀಟಿ ಕೇಳುವುದಿಲ್ಲ.

ಪೊಲೀಸ್ ಇಂದು ಸಂವಿಧಾನದ ಪ್ರಕಾರ ರಾಜ್ಯದ ವಿಷಯ. ಮಹಾನಗರಪಾಲಿಕೆಯ ಆಯವ್ಯಯದಲ್ಲಿ ಅದಕ್ಕೆ ಸ್ಥಾನವಿಲ್ಲ. ಆದಕಾರಣ ನಗರವು ಕಾವಲಿಗೆ ಹೊಸದೇನನ್ನಾದರೂ ಬಯಸಿದರೆ ಮೇಲಿನ ಯೋಜನೆಗಳ ಕಡೆಗೇ ನೋಡಬೇಕು. ಪೊಲೀಸ್ ಪಡೆಗಳ ಆಧುನೀಕರಣಕ್ಕೆ ಕೇಂದ್ರದ ನೆರವು 1969ರಿಂದ ಇದೆ. 2013ರಲ್ಲಿ ಆರಂಭವಾದ ನಿರ್ಭಯಾ ನಿಧಿಯಿಂದ ಸುರಕ್ಷಿತ ನಗರ ಯೋಜನೆಗೆ ಆಯ್ದ ಎಂಟು ನಗರಗಳಲ್ಲಿ ಕರ್ನಾಟಕದಿಂದ ಬೆಂಗಳೂರು ಮಾತ್ರ ಇದ್ದಿತು. ಹುಬ್ಬಳ್ಳಿ-ಧಾರವಾಡ 2016ರ ಸೆಪ್ಟೆಂಬರಿನಲ್ಲಿ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿತು. ಇಂಥ ಯೋಜನೆಗಳಲ್ಲಿ ಕ್ಯಾಮೆರಾ, ನಿಯಂತ್ರಣ ಕೊಠಡಿ, ವಾಹನಗಳಿಗೆ ಹಣ ಸುಲಭವಾಗಿ ಒದಗುತ್ತದೆ. ಅವನ್ನು ಕೊಂಡ ರಸೀದಿ ತೋರಿಸಬಹುದು. ಓಣಿಯ ಪರಿಚಯವಿರುವ ಪೇದೆಯೊಬ್ಬ ಐದು ವರ್ಷ ಅಲ್ಲಿಯೇ ಇದ್ದನೆಂಬುದಕ್ಕೆ ರಸೀದಿಯಿಲ್ಲ.

ಪರಿಚಯದ ಬೆಲೆ ಏನೆಂಬುದನ್ನು ಈ ಜೋಡಿನಗರ ಕಹಿಯಾಗಿಯೇ ಅರಿತಿದೆ. 1994ರ ಆಗಸ್ಟ್ 15ರಂದು ಈದ್ಗಾ ಮೈದಾನದ ವಿವಾದದಲ್ಲಿ ಗೋಲಿಬಾರಾಗಿ ಸಾವುಗಳು ಸಂಭವಿಸಿದವು. 2022ರ ಏಪ್ರಿಲ್‌ನಲ್ಲಿ ಹಳೇಹುಬ್ಬಳ್ಳಿಯ ಪೊಲೀಸ್ ಠಾಣೆಯ ಮೇಲೆಯೇ ಕಲ್ಲುಗಳು ಬಿದ್ದವು. 2024ರಲ್ಲಿ ಹುಬ್ಬಳ್ಳಿಯಲ್ಲಿ ನಡೆದ ಯುವತಿಯರ ಕೊಲೆಗಳಲ್ಲಿ ಒಂದರ ಬಳಿಕ, ಬೆದರಿಕೆಯ ಬಗ್ಗೆ ಮನೆಯವರು ಮೊದಲೇ ತಿಳಿಸಿದ್ದರೂ ನಿರ್ಲಕ್ಷಿಸಿದರೆಂಬ ಆರೋಪದ ಮೇಲೆ ಪೊಲೀಸ್ ಅಧಿಕಾರಿಗಳು ಅಮಾನತಾದರು. ತಳವಾರನ ಕಾಲದಲ್ಲಾದರೆ ಆ ಸುದ್ದಿ ಚಾವಡಿಗೆ ಮುಟ್ಟುತ್ತಿತ್ತು ಎನ್ನುವುದು ಸುಲಭ. ಬಡವರ ಮನೆಯ ಹೆಣ್ಣಿನ ದೂರಾದರೆ ಚಾವಡಿ ಕಿವಿಗೊಡುತ್ತಿತ್ತೇ ಎಂಬುದು ಬೇರೆ ಮಾತು.

ನೆರೆರಾಜ್ಯಗಳ ಅನುಭವ ಎರಡು ಬಗೆಯದು. ಕೇರಳದಲ್ಲಿ 2008ರಿಂದ ಜನಮೈತ್ರಿ ಯೋಜನೆಯು ಗಸ್ತಿನ ಪೊಲೀಸರನ್ನು ಮನೆಮನೆಗೆ ಕಳಿಸಿತು. ತಮಿಳುನಾಡಿನಲ್ಲಿ 1993ರಲ್ಲಿ ರಾಮನಾಥಪುರದಿಂದ ಆರಂಭವಾದ ‘ಪೊಲೀಸರ ಗೆಳೆಯರು’ ದಳವನ್ನು 2020ರಲ್ಲಿ ಸಾತಾಂಕುಳಂ ಠಾಣೆಯ ಪ್ರಕರಣದ ತರುವಾಯ ಸರ್ಕಾರವೇ ನಿಷೇಧಿಸಿತು. ಓಣಿಯ ಗೆಳೆಯರು ಠಾಣೆಯ ಗೆಳೆಯರಾಗಿಬಿಡುವ ಅಪಾಯವನ್ನು ಈ ಪ್ರಸಂಗ ಎತ್ತಿ ತೋರಿಸಿತು. ಕರ್ನಾಟಕ ಸರ್ಕಾರ 2025ರ ಜುಲೈನಲ್ಲಿ ‘ಮನೆ ಮನೆಗೆ ಪೊಲೀಸ್’ ಆರಂಭಿಸಿ, ಗಸ್ತಿನ ವ್ಯಾಪ್ತಿಯನ್ನು ನಲವತ್ತು-ಐವತ್ತು ಮನೆಗಳ ಗುಂಪುಗಳಾಗಿ ಒಡೆಯಿತು. ಅಳತೆಯ ದೃಷ್ಟಿಯಿಂದ ಇದು ಹೆಚ್ಚುಕಡಿಮೆ ಒಂದು ಓಣಿ. ಹಳೆಯ ತಳವಾರನ ಕಣ್ಣಳವಿಗೆ ನಿಲುಕುತ್ತಿದ್ದಷ್ಟು.

ಹಳೆಯದಕ್ಕೂ ಹೊಸದಕ್ಕೂ ನಡುವಿನ ಅಂತರ ಹೊಣೆಯ ದಿಕ್ಕಿನಲ್ಲಿದೆ. ಜಾಡು ತಪ್ಪಿದ ತಳವಾರ ಊರ ಹಿರಿಯರೆದುರು ನಿಲ್ಲಬೇಕಿತ್ತು. ಇಂದಿನ ಗಸ್ತಿನವನು ತನ್ನ ಮೇಲಧಿಕಾರಿಗೆ ವರದಿ ಒಪ್ಪಿಸುತ್ತಾನೆ. ಪೌರನಿಗಮಗಳ ಕಾಯಿದೆಗೆ 2011ರಲ್ಲಿ ಆದ ತಿದ್ದುಪಡಿಯು ವಾರ್ಡ್ ಸಮಿತಿ, ಪ್ರದೇಶ ಸಭೆಗಳನ್ನು ಕಲ್ಪಿಸಿದೆ. ನೀರು, ರಸ್ತೆ, ಕಸದ ಬಗ್ಗೆ ಅಲ್ಲಿ ಕೇಳಬಹುದು, ಠಾಣೆಯ ಬಗ್ಗೆ ಕೇಳುವ ಅಧಿಕಾರ ಅವಕ್ಕಿಲ್ಲ. ಈ ಜೋಡಿನಗರ ಸಮುದಾಯ ಪೊಲೀಸ್ ವ್ಯವಸ್ಥೆಗೆ ಅನುದಾನ ಬೇಡುವ ಪ್ರಸ್ತಾವದಲ್ಲಿ ಉಪಕರಣಗಳ ಯಾದಿಗಿಂತ ಮೊದಲು ಬರೆಯಬೇಕಾದ ಕಲಮು ಇದು: ತಿಂಗಳಿಗೊಮ್ಮೆ ಗಸ್ತಿನ ಪೇದೆ ಪ್ರದೇಶ ಸಭೆಯಲ್ಲಿ ಎದ್ದು ನಿಂತು, ಬಂದ ದೂರುಗಳೆಷ್ಟು, ಅವುಗಳ ಗತಿಯೇನಾಯಿತು ಎಂಬುದನ್ನು ಹೇಳಬೇಕು, ಆ ಸಭೆ ಮಾಳಮಡ್ಡಿಯಲ್ಲಿ ನಡೆದಂತೆ ಸೆಟ್ಲಮೆಂಟಿನಲ್ಲಿಯೂ ನಡೆಯಬೇಕು. ಇದಕ್ಕೆ ತಗಲುವ ವೆಚ್ಚ ಒಂದು ಜಮಖಾನೆ ಮತ್ತು ನಾಲ್ಕಾರು ಕುರ್ಚಿಗಳದು.